ಬೇರೆ ಆ್ಯಪ್ ಬೇಡ, ಏರೋಪ್ಲೇನ್ ಮೋಡ್ ಹಾಕಿ ನೋಡಿ

ಊರಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಗೂಗಲ್ ಡ್ರೈವ್‌ನಲ್ಲಿರುವ ಅಮ್ಮನ ಆಸ್ಪತ್ರೆ ಕಾಗದಗಳನ್ನು ಫೋನಿನಲ್ಲೇ ಇಟ್ಟುಕೊಳ್ಳಲು ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀರಿ. ಎರಡು ಮಳೆಗಾಲದ ಹಿಂದೆ ನಾನೂ ಇದೇ ಯೋಚನೆಯಲ್ಲಿದ್ದೆ.

ನಮ್ಮ ಮನೆ ಹೆಬ್ರಿಯಿಂದ ಒಳಗೆ, ಸೋಮೇಶ್ವರದ ಕಡೆ. ನಾನಿರುವುದು ಮಂಗಳೂರಿನಲ್ಲಿ. ಅಪ್ಪಯ್ಯನ ಹೃದಯಕ್ಕೆ ಸ್ಟೆಂಟ್ ಹಾಕಿಸಿ ನಾಲ್ಕು ತಿಂಗಳಾಗಿತ್ತು. ಡಿಸ್ಚಾರ್ಜ್ ಸಮ್ಮರಿ, ಇಸಿಜಿ, ಮಾತ್ರೆ ಚೀಟಿ ಎಲ್ಲ ಸ್ಕ್ಯಾನ್ ಮಾಡಿ ಡ್ರೈವ್‌ಗೆ ಹಾಕಿದ್ದೆ. ಜುಲೈಯಲ್ಲಿ ಊರಿಗೆ ಹೊರಟವನು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಹೆಬ್ರಿ ಬಸ್ಸಿಗೆ ಕಾಯುತ್ತಾ, ಒಂದೊಂದೇ ಫೈಲಿನ ಮೂರು ಚುಕ್ಕೆ ಒತ್ತಿ, ನೆಟ್ ಇಲ್ಲದಾಗಲೂ ತೆರೆಯಲಿ ಅಂತ ಆಫ್‌ಲೈನ್ ಆಯ್ಕೆ ಕೊಡುತ್ತಾ ಹೋದೆ. ಬಸ್ಸು ಬಂತು. ಫೋನು ಕಿಸೆಗೆ ಹಾಕಿ ಹತ್ತಿದೆ.

ತಪ್ಪಾದದ್ದು ಇಲ್ಲೇ. ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ, ವೈಫೈ ಇದ್ದಾಗ ಮಾತ್ರ ಫೈಲ್ ಕಳಿಸು, ತರಿಸು ಎನ್ನುವ ಒಂದು ಸ್ವಿಚ್ ಉಂಟು. ಡೇಟಾ ಉಳಿಯಲಿ ಅಂತ ನಾನೇ ಯಾವತ್ತೋ ಅದನ್ನು ಆನ್ ಮಾಡಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಇದ್ದದ್ದು ಮೊಬೈಲ್ ಡೇಟಾ. ನಾನು ಒತ್ತಿದ್ದನ್ನೆಲ್ಲ ಫೋನು ಬರೆದುಕೊಂಡಿತು, ಇಳಿಸಿಕೊಳ್ಳಲಿಲ್ಲ. ವೈಫೈ ಸಿಗಲಿ ಅಂತ ಕಾಯುತ್ತಾ ಕೂತಿತು. ಬಟನ್ ಒತ್ತಿದರೆ ಅದು ಕೇಳಿಕೊಂಡ ಹಾಗೆ, ಅಷ್ಟೇ. ಫೈಲು ಪೂರ್ತಿ ಬಂದಿದೆ ಅಂತ ಹೇಳುವುದು ಆಮೇಲೆ ಕಾಣುವ ಟಿಕ್ ಗುರುತು. ಅದನ್ನು ನೋಡಲು ಅರ್ಧ ನಿಮಿಷ ಸಾಕಿತ್ತು.

ಮರುದಿನ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು, ಹಿಂದೆಯೇ ಟವರ್ ಕೂಡ. ಹನ್ನೊಂದು ಗಂಟೆಗೆ ಅಪ್ಪಯ್ಯನಿಗೆ ಎದೆ ಹಿಡಿದ ಹಾಗಾಯಿತು. ಪಕ್ಕದ ಮನೆಯವರ ಜೀಪಿನಲ್ಲಿ ಹತ್ತಿರದ ಡಾಕ್ಟರ ಮನೆಗೆ ಕರೆದುಕೊಂಡು ಹೋದೆವು. ಅವರು ಇಸಿಜಿ ತೆಗೆದು ಟಾರ್ಚ್ ಬೆಳಕಿನಲ್ಲಿ ಹಿಡಿದು ಕೇಳಿದರು, "ಹಳೆಯದ್ದು ಉಂಟಾ? ಇದು ಮೊದಲೇ ಇದ್ದದ್ದಾ, ಈಗ ಆದದ್ದಾ ಅಂತ ನೋಡಬೇಕಿತ್ತು."

ಡ್ರೈವ್ ತೆರೆದೆ. ಫೈಲುಗಳ ಹೆಸರು ಸಾಲಾಗಿ ಬಂತು. ಪಕ್ಕದಲ್ಲಿ ಉಗುರಿನಷ್ಟು ಚಿಕ್ಕ ಚಿತ್ರ, ಅದರಲ್ಲಿ ಇಸಿಜಿಯ ಗೀರು ಮಸುಕಾಗಿ ಕಾಣುತ್ತದೆ. ಒತ್ತಿದರೆ ಸುತ್ತುವ ಚಕ್ರ. ಮತ್ತೆ ಮತ್ತೆ ಒತ್ತಿದೆ. ಯಾವ ಮಾತ್ರೆ ಕೊಡುತ್ತಿದ್ದೀರಿ ಅಂತ ಡಾಕ್ಟರು ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಅಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಖಾಲಿ ಸ್ಟ್ರಿಪ್ ತೆಗೆದು ಕೊಟ್ಟಳು. ಕ್ಲೋಪಿಡೋಗ್ರೆಲ್, 75 ಮಿಲಿಗ್ರಾಂ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ.

ಮಾತ್ರೆ ಗೊತ್ತಾಯಿತು, ಹಳೆಯ ಇಸಿಜಿ ಸಿಗಲಿಲ್ಲ. ರಿಸ್ಕ್ ಬೇಡ ಅಂತ ಆ ಮಳೆಯಲ್ಲೇ ಮಣಿಪಾಲಕ್ಕೆ ಕಳಿಸಿದರು. ಅಲ್ಲಿ ಹಳೆಯದರ ಜೊತೆ ಇಟ್ಟು ನೋಡಿದರು, ಹೊಸ ತೊಂದರೆ ಏನೂ ಇರಲಿಲ್ಲ. ಆದರೆ ದಾರಿಯುದ್ದಕ್ಕೂ ಅಪ್ಪಯ್ಯ ನನ್ನ ಕೈ ಬಿಟ್ಟಿರಲಿಲ್ಲ.

ಹಾಗಾಗಿ ಯಾವ ಆ್ಯಪ್ ಅನ್ನುವ ಪ್ರಶ್ನೆಯನ್ನೇ ಬಿಡಿ. ನಿಮ್ಮಲ್ಲಿರುವ ಡ್ರೈವ್ ಸಾಕು. ಊರಿಗೆ ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈಯಲ್ಲಿ ಫೈಲುಗಳಿಗೆ ಆಫ್‌ಲೈನ್ ಆಯ್ಕೆ ಕೊಡಿ, ಟಿಕ್ ಬರುವವರೆಗೆ ಕಾಯಿರಿ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ವೈಫೈಯೂ ಆಫ್ ಆಗಿದೆಯಾ ನೋಡಿ, ಒಂದೊಂದೇ ಫೈಲು ತೆರೆದು ಕೊನೆಯ ಪುಟದವರೆಗೆ ಸರಿಸಿ. ಈಗಷ್ಟೇ ನೋಡಿದ ಫೈಲು ಸುಮ್ನೆ ಫೋನಿನ ತಾತ್ಕಾಲಿಕ ನೆನಪಿನಿಂದಲೂ ತೆರೆದುಕೊಳ್ಳುತ್ತದೆ, ಅದನ್ನು ನಂಬಬೇಡಿ, ಟಿಕ್ ನೋಡಿ.

ಇನ್ನೊಂದು ವಿಷಯ. ಆಫ್‌ಲೈನ್ ಪ್ರತಿ ಇರುವುದು ಆ್ಯಪ್‌ನ ಒಳಗೆ. ಆ್ಯಪ್‌ನ ಡೇಟಾ ಅಳಿಸಿದರೆ ಅದೂ ಹೋಯಿತು. ಬದಲಾಗುತ್ತಿರುವ ಲೆಕ್ಕಪತ್ರಕ್ಕೆ ಆಫ್‌ಲೈನ್ ಪ್ರತಿ ಸರಿ. ಆಸ್ಪತ್ರೆ ಕಾಗದ ಬದಲಾಗುವುದಿಲ್ಲ ಅಲ್ವಾ? ಅದನ್ನು ಆ್ಯಪ್‌ನ ಹೊರಗೆ, ಫೋನಿಗೇ ಪಿಡಿಎಫ್ ಆಗಿ ಡೌನ್‌ಲೋಡ್ ಮಾಡಿ. ಅಮ್ಮನ ಫೋನಿಗೂ ಹಾಕಿಕೊಡಿ, ನೀವು ಯಾವಾಗಲೂ ಹತ್ತಿರ ಇರುವುದಿಲ್ಲ.

ಇಸಿಜಿಯ ಜೆರಾಕ್ಸ್ ಕೂಡ ಬೇಕು. ಆ ಕಾಗದ ಶಾಖಕ್ಕೆ ಅಚ್ಚಾಗುವಂಥದ್ದು, ದಿನ ಹೋದ ಹಾಗೆ ಗೀರು ಮಾಸುತ್ತದೆ. ಅಪ್ಪಯ್ಯನದ್ದು ಈಗ ಅಮ್ಮನ ಕಪಾಟಿನಲ್ಲಿ, ಪ್ಲಾಸ್ಟಿಕ್ ಲಕೋಟೆಯೊಳಗೆ, ಆ ಖಾಲಿ ಸ್ಟ್ರಿಪ್‌ನ ಜೊತೆಗೇ ಉಂಟು.