ಡಿಎಫ್ ತುಂಬಿದೆ ಅನ್ನುತ್ತೆ, ಡಿಯು ಖಾಲಿ ಅನ್ನುತ್ತೆ: ಜಾಗ ಎಲ್ಲಿ ಹೋಯಿತು?

ನಿಮ್ಮ ಲಿನಕ್ಸ್ ಯಂತ್ರದಲ್ಲಿ 20 ಜಿಬಿಯ ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಡಿಸ್ಕಿನ ಮುಖ್ಯ ಭಾಗ) 100% ತುಂಬಿದೆ ಅಂತ ಡಿಎಫ್ (ಒಟ್ಟು ಎಷ್ಟು ಜಾಗ ತುಂಬಿದೆ ಅಂತ ಹೇಳುವ ಕಮಾಂಡ್) ತೋರಿಸುತ್ತಿದೆ, ಡಿಯು (ಫೋಲ್ಡರ್‌ಗಳ ಫೈಲ್‌ಗಳನ್ನು ಕೂಡಿಸಿ ಹೇಳುವ ಕಮಾಂಡ್) ಲೆಕ್ಕಕ್ಕೆ 9 ಜಿಬಿ ಮಾತ್ರ ಸಿಗುತ್ತಿದೆ, ದೊಡ್ಡ ಲಾಗ್ ಫೈಲ್ (ಪ್ರೋಗ್ರಾಮ್ ಬರೆದಿಡುವ ದಾಖಲೆ) ಅಳಿಸಿದರೂ ಏನೂ ಬದಲಾಗಲಿಲ್ಲ ಅಂತ ಕೇಳಿದ್ದೀರಿ. ಡಿಯುವನ್ನು ಸುಡೊ (ಅಡ್ಮಿನ್ ಅಧಿಕಾರ) ಸೇರಿಸಿಯೇ ಓಡಿಸಿದ್ದೀರಿ ಅಲ್ವಾ? ಇಲ್ಲದಿದ್ದರೆ ಓದಲು ಅನುಮತಿ ಇಲ್ಲದ ಫೋಲ್ಡರ್‌ಗಳು ಲೆಕ್ಕಕ್ಕೇ ಬರಲ್ಲ.

ಮೊದಲು ಕೈಕಾಲು ಆಡಿಸುವಷ್ಟು ಜಾಗ ಮಾಡಿಕೊಳ್ಳಿ. ಉಬುಂಟು, ಡೆಬಿಯನ್ ಆದರೆ ‘ಆಪ್ಟ್ ಕ್ಲೀನ್’ ಓಡಿಸಿ, ಡೌನ್‌ಲೋಡ್ ಆಗಿ ಉಳಿದ ಪ್ಯಾಕೇಜ್ ಫೈಲ್‌ಗಳು ಹೋಗುತ್ತವೆ. ಹಳೇ ಕರ್ನೆಲ್‌ಗಳಿಗೆ (ಸಿಸ್ಟಮ್ಮಿನ ತಿರುಳಿನ ಹಳೇ ಆವೃತ್ತಿಗಳು) ‘ಆಪ್ಟ್ ಆಟೋರಿಮೂವ್’. ಅವು ಇರುವ ಬೂಟ್ ಫೋಲ್ಡರಿಗೆ ನೀವೇ ಕೈ ಹಾಕಬೇಡಿ. ಸಿಸ್ಟಮ್‌ಡಿ ಜರ್ನಲ್ (ಸಿಸ್ಟಮ್ಮಿನ ಲಾಗ್ ಸಂಗ್ರಹ) ಅನ್ನು ಸುಮ್ನೆ ಬಿಟ್ಟರೆ ಪಾರ್ಟಿಷನ್ನಿನ 10% ತನಕ ಬೆಳೆಯುತ್ತೆ, ನಿಮ್ಮಲ್ಲಿ ಅದೇ 2 ಜಿಬಿ. ಜರ್ನಲ್‌ಸಿಟಿಎಲ್‌ನ ವ್ಯಾಕ್ಯೂಮ್ ಸೈಜ್ ಆಯ್ಕೆಗೆ 200 ಎಂಬಿ ಕೊಟ್ಟು ಇಳಿಸಿ.

ಆದರೆ ಕಾಣೆಯಾದ 11 ಜಿಬಿ ಇಲ್ಲಿಲ್ಲ. ನಿಮ್ಮ ಲಾಗ್ ಕಥೆ ಕೇಳಿದರೆ ನನಗೆ ಮೊದಲ ಅನುಮಾನ ಇದು: ಫೈಲ್ ಅಳಿಸಿದಿರಿ, ಆದರೆ ಅದಕ್ಕೆ ಬರೆಯುತ್ತಿದ್ದ ಪ್ರೋಗ್ರಾಮ್ ಇನ್ನೂ ಓಡುತ್ತಿದೆ. ಬಾಗಿಲ ಮೇಲಿನ ಬೋರ್ಡು ಕಿತ್ತಿರಿ, ಬಾಡಿಗೆಯವನು ಒಳಗೇ ಇದ್ದಾನೆ. ಡಿಯುಗೆ ಹೆಸರಿಲ್ಲದ ಫೈಲ್ ಕಾಣಲ್ಲ, ಡಿಎಫ್ ಡಿಸ್ಕಿನಲ್ಲಿ ತುಂಬಿದ ಬ್ಲಾಕ್‌ಗಳನ್ನು (ಜಾಗದ ತುಂಡುಗಳನ್ನು) ಎಣಿಸುತ್ತೆ. ಸುಡೊ ಸೇರಿಸಿ ‘ಎಲ್‌ಎಸ್‌ಒಎಫ್ ಪ್ಲಸ್ ಎಲ್ 1’ ಹೊಡೆಯಿರಿ, ಅಳಿಸಿದರೂ ಇನ್ನೂ ತೆರೆದಿರುವ ಫೈಲ್‌ಗಳ ಪಟ್ಟಿ ಬರುತ್ತೆ. ‘ಡಿಲೀಟೆಡ್’ ಅಂತ ಬರುವ ಸಾಲಿನಲ್ಲಿ ಯಾವ ಪ್ರೋಗ್ರಾಮ್, ಎಷ್ಟು ಸೈಜ್ ಎರಡೂ ಇರುತ್ತೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಜಾಗ ತಕ್ಷಣ ಬಿಡುತ್ತೆ. ಇನ್ನು ಮುಂದೆ ಓಡುತ್ತಿರುವ ಲಾಗ್ ಅಳಿಸಬೇಡಿ, ಟ್ರಂಕೇಟ್ ಕಮಾಂಡಿನಿಂದ ಅದರ ಸೈಜ್ ಸೊನ್ನೆ ಮಾಡಿ.

ಅದೂ ಅಲ್ಲ ಅಂದರೆ ನನಗೆ ಆದದ್ದು ಕೇಳಿ. ನಾನಿರೋದು ಮೈಸೂರು. ಮಂಡ್ಯದ ಒಂದು ಬೆಲ್ಲದ ಮಂಡಿಯ ಬಿಲ್ಲಿಂಗ್ ಸರ್ವರ್ ನಾನೇ ನೋಡಿಕೊಳ್ಳುತ್ತೇನೆ. ಒಂದು ಬೆಳಿಗ್ಗೆ ಯಜಮಾನರ ಫೋನು: "ಏನ್ ಸಾ, ಗಾಡಿ ಸಾಲಾಗಿ ನಿಂತವೆ, ಒಂದ್ ಬಿಲ್ಲೂ ಬರ್ತಿಲ್ವಲ್ಲ!" ಎಲ್‌ಎಸ್‌ಒಎಫ್‌ನಲ್ಲಿ ಏನೂ ಇಲ್ಲ. ದೂರದಿಂದ ತಲೆ ಕೆರೆದುಕೊಂಡು, ಕೊನೆಗೆ ಬಸ್ ಹತ್ತಿದೆ. ಅಲ್ಲಿನ ಹುಡುಗ ಮಾತಿನ ಮಧ್ಯೆ ಹೇಳಿದ, "ಹೋದ ವಾರ ಕರೆಂಟ್ ಹೋಗಿತ್ತಣ್ಣ, ಆ ಡಬ್ಬಿ ವೈರ್ ಬಿಚ್ಚೋಗಿತ್ತು. ನೆನ್ನೆ ಹಾಕ್ದೆ."

ಡಬ್ಬಿ ಅಂದರೆ ಬ್ಯಾಕಪ್ಪಿನ ಯುಎಸ್‌ಬಿ ಡಿಸ್ಕ್. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಯಾವ ಫೋಲ್ಡರಿಗೆ ಜೋಡಣೆ ಆಗಬೇಕು ಅಂತ ಬರೆದಿಡುವ ಫೈಲ್) ನಾನೇ ‘ನೋಫೇಲ್’ ಹಾಕಿದ್ದೆ, ಹಾಗಾಗಿ ಡಿಸ್ಕ್ ಇಲ್ಲದೆಯೂ ಸರ್ವರ್ ಸರಾಗವಾಗಿ ಎದ್ದಿತ್ತು. ರಾತ್ರಿಯ ಸ್ಕ್ರಿಪ್ಟ್ ಪಾಪ, ಡಿಸ್ಕ್ ಜೋಡಣೆ ಆಗಬೇಕಿದ್ದ ಬ್ಯಾಕಪ್ ಅನ್ನೋ ಖಾಲಿ ಫೋಲ್ಡರಿಗೆ, ಅಂದರೆ ರೂಟ್ ಪಾರ್ಟಿಷನ್ನಿಗೇ, ದಿನವೂ ತುಂಬಿದೆ. ಹುಡುಗ ವೈರ್ ಸಿಕ್ಕಿಸಿದ ಮೇಲೆ ಡಿಸ್ಕ್ ಅದೇ ಫೋಲ್ಡರಿನ ಮೇಲೆ ಮೌಂಟ್ ಆಯಿತು, ಅಂದರೆ ಜೋಡಣೆಯಾಯಿತು. ನೆಲದ ಮೇಲೆ ಬಿದ್ದಿದ್ದರ ಮೇಲೆ ಚಾಪೆ ಹಾಸಿದ ಹಾಗೆ. ಕೆಳಗಿನದು ಡಿಯುಗೆ ಕಾಣುವುದೇ ಇಲ್ಲ.

ನೋಡಲು ಏನನ್ನೂ ಅನ್‌ಮೌಂಟ್ ಮಾಡಬೇಕಿಲ್ಲ. ಮೌಂಟ್ ಕಮಾಂಡಿನ ಬೈಂಡ್ ಆಯ್ಕೆಯಿಂದ ರೂಟ್ ಅನ್ನು ಎಂಎನ್‌ಟಿ ಫೋಲ್ಡರಿಗೆ ಇನ್ನೊಮ್ಮೆ ಮೌಂಟ್ ಮಾಡಿ, ಅಲ್ಲಿ ಡಿಯು ಓಡಿಸಿ. ಬೈಂಡ್ ಒಳಗೆ ಬೇರೆ ಡಿಸ್ಕ್‌ಗಳು ಬರಲ್ಲ, ಅಡಿಯಲ್ಲಿರುವುದೇ ಕಾಣುತ್ತೆ. ಅಳಿಸುವಾಗ ಎಂಎನ್‌ಟಿ ಒಳಗಿನ ದಾರಿಯನ್ನೇ ಟೈಪ್ ಮಾಡಿದ್ದೀರಾ ಅಂತ ಎರಡು ಸಲ ಓದಿ. ತಪ್ಪಿದರೆ ನಿಜವಾದ ಬ್ಯಾಕಪ್ಪೇ ಹೋಗುತ್ತೆ. ಕೆಲಸ ಮುಗಿದ ಮೇಲೆ ಎಂಎನ್‌ಟಿಯನ್ನು ಅನ್‌ಮೌಂಟ್ ಮಾಡಿ.

ಆಮೇಲೆ ನಾನು ಆ ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಸಾಲಿಗೇ ‘ಮೌಂಟ್‌ಪಾಯಿಂಟ್’ ಕಮಾಂಡಿನ ಪರೀಕ್ಷೆ ಸೇರಿಸಿದೆ: ಡಿಸ್ಕ್ ಇಲ್ಲದಿದ್ದರೆ ಅಲ್ಲೇ ನಿಲ್ಲಲಿ. ಡಿಸ್ಕ್ ತೆಗೆದಿರುವಾಗ ಖಾಲಿ ಫೋಲ್ಡರಿಗೆ ‘ಸಿಎಚ್‌ಎಟಿಟಿಆರ್ ಪ್ಲಸ್ ಐ’ ಕೂಡ ಹಾಕಿದೆ. ಈಗ ರೂಟ್ ಯೂಸರ್ (ಅಡ್ಮಿನ್) ಬಂದರೂ ಅಲ್ಲಿ ಬರೆಯಲು ಆಗಲ್ಲ.

ಎರಡೂ ಅಲ್ಲದಿದ್ದರೆ ಎಲ್‌ಎಸ್‌ಒಎಫ್ ಮತ್ತು ಮೌಂಟ್ ಕೊಟ್ಟ ಸಾಲುಗಳನ್ನು ಇಲ್ಲೇ ಹಾಕಿ, ನೋಡೋಣ.