ಪರೀಕ್ಷಾ ಪಾಸಾತು, ಖುಷಿ ಎಲ್ಲಿ ಹೋತು?

ಪ್ರಶ್ನೆ: ನನಗ 43 ವರ್ಷ, ಬ್ಯಾಂಕಿನ್ಯಾಗ ಕೆಲಸ. ನಾಕು ವರ್ಷದಿಂದ ಹಿಂದೂಸ್ತಾನಿ ಗಾಯನ ಕಲೀಲಿಕ್ಕತ್ತೇನಿ, ಜೂನಿಯರ್ ಪಾಸಾತು, ಈಗ ಸೀನಿಯರ್ ತಯಾರಿ. ಸಿಲೆಬಸ್ಸಿನ ರಾಗ ಮುಗಸೋದ್ರಾಗ ಹಾಡೋ ಖುಷೀನ ಹೋಗೇದ. ಜೋಡಿ ಕಲಿಯೋ ಹುಡುಗ್ರು ಸರಸರ ತಾನ್ (ಸ್ವರಗಳ ವೇಗದ ಓಟ) ಹೊಡೀತಾವ, ನನ್ನ ಧ್ವನಿ ಹಂಗ ತಿರಗಂಗಿಲ್ಲ. ಬಿಟ್ಟಬಿಡ್ಲೇನ್ರಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬಿಡಬ್ಯಾಡ್ರಿ ಅಕ್ಕಾರ. ಪರೀಕ್ಷಾ ಬೇಕಾದ್ರ ಒಂದ್ ವರ್ಷ ಮುಂದ್ ಹಾಕ್ರಿ, ಅದಕ್ಕೇನೂ ಆಗಂಗಿಲ್ಲ. ವರ್ಷಕ್ಕ ಇಷ್ಟು ರಾಗ ಅಂತ ಗಂಟು ಕಟ್ಟಿಕೊಂಡು ಓಡಿದ್ರ ಯಾರಿಗಾದ್ರೂ ಬ್ಯಾಸರಾಗ್ತದ.

ಸದ್ಯಕ್ಕ ಒಂದ ರಾಗ ಹಿಡೀರಿ, ಭೂಪ ಅಂತ ಇಟ್ಕೊಳ್ರಿ, ಒಂದೆರಡು ತಿಂಗಳು ಬ್ಯಾರೆ ಯಾವುದೂ ಬ್ಯಾಡ. ಹಾರ್ಮೋನಿಯಂ ಬಾಜೂಕಿಟ್ಟು ತಂಬೂರಿ ಜೋಡಿ ಕೂಡ್ರಿ. ತಂಬೂರಿ ಚಲೋ ಶ್ರುತಿಗೂಡಿ ಜವಾರಿ (ಕುದುರಿ ಮ್ಯಾಲ ತಂತಿ ಝೇಂಕರಿಸೋ ಹದ) ಸರಿ ಇದ್ರ, ಖರ್ಜದ (ಕೆಳಗಿನ ಸಾ) ತಂತಿ ಮೀಟಿ ಸುಮ್ನ ಕಿವಿಗೊಟ್ಟು ಕೇಳ್ರಿ, ಆ ಸಾ ಇಳಿಯೋ ಹೊತ್ತಿಗೆ ಅದರೊಳಗಿಂದ ಸಣ್ಣಗ ಒಂದು ಗಂಧಾರ, ಅಂದ್ರ ಗ ಸ್ವರ, ಕೇಳಸ್ತದ, ಯಾರೂ ಮೀಟದ ಗಂಧಾರ, ಅದಕ್ಕ ಸ್ವಯಂಭೂ ಗಂಧಾರ ಅಂತಾರ. ತಂತಿ ಇಡಿಯಾಗಿ ನಡಗೋ ಹೊತ್ತಿನ್ಯಾಗ ಐದು ಭಾಗ ಆಗಿನೂ ನಡಗ್ತದ, ಅಲ್ಲಿಂದ ಬರೋ ನಾದ ಅದು. ಹಾರ್ಮೋನಿಯಂನ ಗ ಇದಕ್ಕಿಂತ ಕೂದಲೆಳಿಯಷ್ಟು ಏರು, ಹಿಂಗಾಗಿ ಪೆಟ್ಟಿಗಿ ಜೋಡಿನ ಬೆಳೆದ ಕಿವಿಗೆ ಮೊದಲು ಇದು ತುಸು ಇಳಿದಂಗ ಅನಸ್ತದ. ಭೂಪಕ್ಕ ಗಂಧಾರನ ವಾದಿ, ಅಂದ್ರ ಮುಖ್ಯ ಸ್ವರ, ನಿಮ್ಮ ಗ ಅದರ ಜೋಡಿ ಕೂಡೋ ತನಕ ನಿಂದ್ರಸ್ರಿ. ಕೂಡಿದಾಗ ಯಾರೂ ಹೇಳಬೇಕಿಲ್ಲ, ನಿಮ್ಮ ಧ್ವನಿ ಎಲ್ಲೈತಿ ತಂಬೂರಿ ಎಲ್ಲೈತಿ ನಿಮಗ ತಿಳಿಯಂಗಿಲ್ಲ, ಮೈಯೆಲ್ಲಾ ಝುಂ ಅಂತದ. ನೀವು ಕಳಕೊಂಡೇನಿ ಅನ್ನೋ ಖುಷಿ ಅಲ್ಲೇ ಐತ್ರಿ. ಮೊಬೈಲ್ ತಂಬೂರಿ ಇದ್ರ ಒಂದು ಛೊಲೊ ಸ್ಪೀಕರ್‌ಗೆ ಹಚ್ರಿ, ಫೋನಿನ ಸಣ್ಣ ಸ್ಪೀಕರಿನ್ಯಾಗ ಖರ್ಜ ಬರಂಗಿಲ್ಲ.

ಇನ್ನ ತಾನ್. ಹುಡುಗ್ರ ಗಂಟಲು ಹಗುರ ಇರ್ತದ, ಅವರ ಜೋಡಿ ಹೋಲಿಸ್ಕೋಬ್ಯಾಡ್ರಿ. ನೀವು ಇರೋದು ಕಿರಾಣಾ ಗಾಯಕಿ (ಕಿರಾಣಾ ಘರಾಣೆಯ ಹಾಡೋ ಶೈಲಿ) ಬೆಳೆದ ನೆಲದಾಗ, ಅಲ್ಲೇ ಕುಂದಗೋಳದಾಗ ಆ ಘರಾಣೆಯ ಗಾಯಕರಾದ ಸವಾಯಿ ಗಂಧರ್ವರು ಇದ್ರು, ಅವರ ಕಡೆ ಕಲೀಲಿಕ್ಕೆ ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನ್ಯಾಗ ಹೋಗಿ ಬರ್ತಿದ್ರು. ಒಂದೊಂದ ಸ್ವರ ಹಿಡಿದು ಸಾವಕಾಶ ಬಢತ್ ಮಾಡೋದು, ಅಂದ್ರ ರಾಗ ಬೆಳಸ್ಕೋತ ಹೋಗೋದು, ಆ ಗಾಯಕಿಯ ಜೀವ. ತಾನ್ ನಿಮಗ ತಡವಾಗಿ ಬಂದ್ರ ಬರ್ಲಿ, ಮಂದ ಲಯದಾಗ ಆಕಾರದಾಗ (‘ಆ’ ಅಂತ ಹಾಡಿ) ಒಂದೊಂದು ಸ್ವರ ಸ್ಪಷ್ಟ ಬೀಳೋ ಹಂಗ ಹೇಳ್ರಿ, ಸ್ವರ ಒರಸಿ ಹೋಗದಂಗಿದ್ರ ಮಾತ್ರ ಸ್ವಲ್ಪ ಲಯ ಏರಸ್ರಿ. ವಯಸ್ಸಾತು ಅನ್ನೋ ಚಿಂತಿ ಇದ್ರ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರನ್ನ ನೆನಸ್ರಿ, ಗ್ವಾಲಿಯರ್ ಗಾಯಕಿ ಕಲಿತು ಗ್ರಾಮಫೋನ್ ರೆಕಾರ್ಡ್ ಬಂದು ಹೆಸರಾದ ಮ್ಯಾಲೂ ಅವರು ಮಂಜಿಖಾನ್ ಸಾಹೇಬರ ಮುಂದ ಶಿಷ್ಯ ಆಗಿ ಕೂತು ಜೈಪುರ ಗಾಯಕಿ ಕಲಿತ್ರು. ನಿಮ್ಮ ಗುರುಗಳಿಗೂ ಮನಸ್ಸಿನ್ಯಾಗಿಂದು ಬಿಚ್ಚಿ ಹೇಳ್ರಿ, ನೀವು ಪರೀಕ್ಷಾಕ್ಕಂತ ಬಂದೀರಿ ಅಂತ ತಿಳಕೊಂಡು ಅವರೂ ಅವಸರ ಮಾಡ್ತಿರಬಹುದು.

ಪ್ರಶ್ನೆ: ಮಗನಿಗೆ ಹತ್ತು ವರ್ಷ, ತಬಲಾ ಅಂದ್ರ ಭಾಳ ಹುಚ್ಚು, ಆದ್ರ ಬೈಯದ ರಿಯಾಜಿಗೆ ಕೂಡಂಗಿಲ್ಲ. ಏನ್ ಮಾಡೋದ್ರಿ?
– ತಾಯಿ, ಹಾವೇರಿ

ಉತ್ತರ: ಬೈಯೋದು ಬಂದ್ ಮಾಡ್ರಿ ತಾಯಿ. ಒಬ್ಬನ ಕೂತು ಧಾ ಧಿಂ ಧಿಂ ಧಾ ಬಾರಿಸೋದು ಹತ್ತು ವರ್ಷದ ಹುಡುಗಗ ಬ್ಯಾಸರನ. ನಿಮ್ಮ ಓಣಿ ಭಜನಿ ಮೇಳಕ್ಕ ವಾರಕ್ಕೊಮ್ಮೆ ಕರಕೊಂಡು ಹೋಗ್ರಿ, ಎಂಟು ಮಾತ್ರೆಯ ಕೆಹರವಾ ತಾಳ ಹಿಡಿದು ಒಂದ್ ಪದಕ್ಕ ಸಾಥ್ ಕೊಡ್ಲಿ, ಲಯ ತಪ್ಪಿದ್ರ ತಾಳದವರ ಮುಖ ನೋಡಿನ ಅವಗ ತಿಳೀತದ, ಮನಿಗೆ ಬಂದು ತಾನ ಕೂಡ್ತಾನ. ಕೂತಾಗ ಹದಿನೈದು ನಿಮಿಷ ಸಾಕು, ಮೊದಲು ಬಾಯಿಲೆ ಬೋಲ್ (ಧಾ, ಧಿಂ ಅನ್ನೋ ತಬಲಾ ಅಕ್ಷರ) ಹೇಳಿ ಕೈಲೆ ತಾಳ ಹಾಕ್ಲಿ, ಆಮ್ಯಾಲ ತಬಲಾ. ಬೆರಳು ನೋವು ಅಂದ್ರ ಒತ್ತಾಯ ಬ್ಯಾಡ, ಕೈ ಬಿಗಿ ಹಿಡಿದು ಬಾರಸ್ತಿರಬಹುದು, ಗುರುಗಳಿಗೆ ಒಮ್ಮೆ ತೋರಸ್ರಿ.