ಅಡಿಸ್ ಅಬಾಬಾದ ಮನೆಗಳನ್ನು ವಾಷಿಂಗ್ಟನ್‌ನ ಇಥಿಯೋಪಿಯನ್ನರಿಗೆ ಮಾರುವುದು ಹೇಗೆ?

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದ ಒಂದು ಬಿಲ್ಡರ್ ಕಂಪನಿಯಲ್ಲಿ ಕೆಲಸ ಮಾಡ್ತಿದ್ದೀರಿ. ವಾಷಿಂಗ್ಟನ್ ಸುತ್ತಮುತ್ತ ಇರುವ ಇಥಿಯೋಪಿಯನ್ನರಿಗೆ ಫ್ಲ್ಯಾಟ್ ಮಾರಬೇಕು. 'ತಾಯ್ನಾಡು ಕರೆಯುತ್ತಿದೆ' ಅಂತ ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಿದರೆ ಸಾಕಾ ಅಂತ ಕೇಳಿದ್ದೀರಿ.

ಸಾಲದು. ತಾಯ್ನಾಡು ಅವರನ್ನು ದಿನಾ ಕರೆಯುತ್ತಲೇ ಇರುತ್ತದೆ. ವಾಟ್ಸಾಪ್‌ನಲ್ಲಿ, ಅರ್ಧರಾತ್ರಿಯಲ್ಲಿ, ದುಡ್ಡು ಬೇಕು ಅಂತ.

ನಾನು ಸಕಲೇಶಪುರದ ಕಡೆಯವನು. ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಸಣ್ಣದೊಂದು ಪ್ರಿಂಟಿಂಗ್ ಅಂಗಡಿ ಇಟ್ಟಿದ್ದೇನೆ. ಗಿರಾಕಿಗಳಲ್ಲಿ ಇಥಿಯೋಪಿಯನ್ನರೇ ಜಾಸ್ತಿ. ಹೋಟೆಲ್ ಮೆನು, ಮದುವೆ ಕಾರ್ಡು, ಊರಿನ ಕಂಪನಿಗಳ ಕರಪತ್ರ, ಎಲ್ಲ ಮಾಡಿದ್ದೇನೆ. ಕಾಫಿ ನಮ್ಮೂರಿನ ಬೆಳೆ ಅಂತ ನಾನಂದರೆ ಅವರು ನಕ್ಕು, ಅದು ಹುಟ್ಟಿದ್ದೇ ನಮ್ಮ ಕಾಡಲ್ಲಿ ಅಂತಾರೆ. ಆ ಜಗಳದಲ್ಲಿ ನಾನು ಇವತ್ತಿನವರೆಗೂ ಗೆದ್ದಿಲ್ಲ.

ಮೊದಲು ನನ್ನದೇ ಒಂದು ಎಡವಟ್ಟು ಹೇಳ್ತೀನಿ. ಶುರುವಿನಲ್ಲಿ ಒಂದು ಕರಪತ್ರಕ್ಕೆ ಚೆನ್ನಾಗಿರಲಿ ಅಂತ ದೊಡ್ಡದಾಗಿ ಡೋರೋ ವೊಟ್ ಚಿತ್ರ ಹಾಕಿದ್ದೆ. ಅದು ಅವರ ಹಬ್ಬದ ಕೋಳಿ ಸಾರು. ಹಂಚಿದ್ದು ಈಸ್ಟರ್‌ಗೆ ಮುಂಚಿನ 55 ದಿನದ ಉಪವಾಸದಲ್ಲಿ! ಆರ್ಥೊಡಾಕ್ಸ್ ಕ್ರೈಸ್ತರು ಆಗ ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಬುಧವಾರ, ಶುಕ್ರವಾರಗಳೂ ಹಾಗೆಯೇ. ಶ್ರಾವಣ ಸೋಮವಾರ ದೇವಸ್ಥಾನದ ಬಾಗಿಲಲ್ಲಿ ಕಬಾಬ್ ಚೀಟಿ ಹಂಚಿದ ಹಾಗಾಯಿತು. ಯಾರೂ ಬೈಯಲಿಲ್ಲ. ಒಬ್ಬ ಅಜ್ಜಿ ಅದನ್ನು ಮಡಚಿ, ಚಿತ್ರ ಒಳಗೆ ಹೋಗುವ ಹಾಗೆ ಮಾಡಿ ವಾಪಸ್ ಕೊಟ್ಟರು. ಅಷ್ಟೇ ಸಾಕಾಗಿತ್ತು. ಅವತ್ತಿನಿಂದ ಅವರ ಕ್ಯಾಲೆಂಡರ್ ನನ್ನ ಗೋಡೆಯ ಮೇಲಿದೆ. ಹದಿಮೂರು ತಿಂಗಳಿನದು. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ಕ್ರಿಸ್‌ಮಸ್ ಜನವರಿ 7ಕ್ಕೆ.

ಈಗ ನಿಮ್ಮ ಫ್ಲ್ಯಾಟ್ ವಿಷಯ. ದೇಶಪ್ರೇಮ ಎಷ್ಟು ದುಡ್ಡು ತರುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ನೀಲಿ ನೈಲ್ ನದಿಗೆ ಕಟ್ಟಿದ ರಿನೈಸನ್ಸ್ ಅಣೆಕಟ್ಟಿಗಾಗಿ ಅಲ್ಲಿಯ ಸರ್ಕಾರಿ ವಿದ್ಯುತ್ ಕಂಪನಿ 2011ರಿಂದ 2014ರವರೆಗೆ ಅಮೆರಿಕದಲ್ಲಿದ್ದ ಇಥಿಯೋಪಿಯನ್ನರಿಗೆ ಬಾಂಡ್ ಮಾರಿತು. ಊರೂರಲ್ಲಿ ಸಭೆ, ರೇಡಿಯೊ, ಟಿವಿ, ಎಲ್ಲ ಆಯಿತು. ಕೊಂಡವರು 3,100ಕ್ಕೂ ಹೆಚ್ಚು ಜನ, ಬಂದದ್ದು ಸುಮಾರು 58 ಲಕ್ಷ ಡಾಲರ್. ಅಂದರೆ ತಲೆಗೆ ಎರಡು ಸಾವಿರ ಡಾಲರೂ ಬೀಳಲಿಲ್ಲ. ದೇಶದ ದೊಡ್ಡ ಕನಸಿಗೇ ಇಷ್ಟು. ನಿಮ್ಮ ಫ್ಲ್ಯಾಟಿನ ಬೆಲೆ ಎಷ್ಟು ಅಂತ ನೀವೇ ನೋಡಿಕೊಳ್ಳಿ. ಅದೂ ಸಾಲದು ಅಂತ, ಆ ಬಾಂಡನ್ನು ಇಲ್ಲಿ ನೋಂದಾಯಿಸಿರಲಿಲ್ಲ. 2016ರಲ್ಲಿ ಷೇರು, ಬಾಂಡ್ ಮಾರಾಟದ ಮೇಲೆ ಕಣ್ಣಿಡುವ ಅಮೆರಿಕದ ಸೆಕ್ಯುರಿಟೀಸ್ ಆಯೋಗ ಹಿಡಿದು, ಬಡ್ಡಿ ಸೇರಿ ಸುಮಾರು 65 ಲಕ್ಷ ಡಾಲರ್ ಕಟ್ಟಿಸಿತು. ಹಾಗಾಗಿ 'ಬಾಡಿಗೆ ಗ್ಯಾರಂಟಿ', 'ಲಾಭ ಗ್ಯಾರಂಟಿ' ಅಂತ ಬರೆಯುವ ಮೊದಲು ಇಲ್ಲಿಯ ವಕೀಲರೊಬ್ಬರಿಗೆ ತೋರಿಸಿ. ನನಗೆ ಕೊಟ್ಟರೆ ಪ್ರಿಂಟ್ ಮಾಡಿಬಿಡ್ತೀನಿ, ಆಮೇಲೆ ಸಿಕ್ಕಿಬೀಳುವವರು ನೀವು.

ಇಲ್ಲಿಯವರಿಗೆ ಊರಿನ ನೆನಪು ಕಮ್ಮಿ ಇಲ್ಲ. ಇರುವುದು ಹೆದರಿಕೆ. ಟ್ಯಾಕ್ಸಿ ಓಡಿಸುವ ನನ್ನ ಒಬ್ಬ ಗಿರಾಕಿ ಊರಲ್ಲಿ ಒಂದು ಫ್ಲ್ಯಾಟಿಗೆ ಆರು ವರ್ಷ ಕಂತು ಕಟ್ಟಿದ. ರಜೆಗೆ ಹೋಗಿ ನೋಡಿದರೆ ಅಲ್ಲಿ ಪಾಯದ ಗುಂಡಿ, ಅದರಲ್ಲಿ ನೀರು. ಇಂಥ ಕಥೆ ಪ್ರತಿ ಮನೆಯಲ್ಲೂ ಒಂದು ಸಿಗುತ್ತದೆ. ಬೆಂಗಳೂರಿನ ಸೈಟು ನಂಬಿ ದುಬೈಯಿಂದ ದುಡ್ಡು ಕಳಿಸಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈ ಹೆದರಿಕೆಗೆ ಮದ್ದು ಕಂಡುಕೊಂಡವರು ಕುರಿ ಮಾರುವವರು. ನಗಬೇಡಿ. ವಾಷಿಂಗ್ಟನ್‌ನಲ್ಲಿ ಕೂತ ಮಗ ಕಾರ್ಡಿನಲ್ಲಿ ದುಡ್ಡು ಕಟ್ಟುತ್ತಾನೆ, ಅಡಿಸ್‌ನಲ್ಲಿ ಅಮ್ಮನ ಮನೆ ಬಾಗಿಲಿಗೆ ಹಬ್ಬದ ಕುರಿ ಹೋಗುತ್ತದೆ. ಜತೆಗೆ ಅಮ್ಮ ಕುರಿ ಹಿಡಿದು ನಿಂತ ಫೋಟೊ ಮಗನಿಗೆ ಬರುತ್ತದೆ. ಆ ಫೋಟೊ ಅವನ ಅಕ್ಕನಿಗೆ, ಚಿಕ್ಕಪ್ಪನಿಗೆ, ಟ್ಯಾಕ್ಸಿ ಸ್ಟ್ಯಾಂಡಿನ ಗೆಳೆಯರಿಗೆ ಹೋಗುತ್ತದೆ. ಅದಕ್ಕಿಂತ ಜಾಹೀರಾತು ಬೇಕಾ? ನೀವೂ ಹಾಗೇ ಮಾಡಿ. ಕಂತು ಬಂದ ತಿಂಗಳು ಆ ಫ್ಲೋರಿನ ವಿಡಿಯೊ ಕಳಿಸಿ, ಆವತ್ತಿನ ತಾರೀಕು ಕಾಣುವ ಹಾಗೆ. ಕೊಂಡವರ ಅಮ್ಮನನ್ನೋ ಅಣ್ಣನನ್ನೋ ಸೈಟಿಗೆ ಕರೆದುಕೊಂಡು ಹೋಗಿ, ಕಾಫಿ ಕೊಡಿಸಿ. ಇಲ್ಲಿ ದುಡ್ಡು ಕೊಡುವವನು ಒಬ್ಬ, ಆದರೆ 'ಹೂಂ' ಅನ್ನುವವರು ಅಲ್ಲಿರುವ ಮನೆಯವರು. ಹೆಚ್ಚಿನ ಕಂಪನಿಗಳು ಇದನ್ನೇ ಮರೆಯುತ್ತವೆ.

ಅವರಲ್ಲಿ 'ಇಕುಬ್' ಅಂತ ಇದೆ, ನಮ್ಮ ಚೀಟಿ ವ್ಯವಹಾರದ ಹಾಗೆ. ಹತ್ತಿಪ್ಪತ್ತು ಜನ ಸೇರಿ ದುಡ್ಡು ಹಾಕಿ, ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವುದು. ಇಲ್ಲೂ ನಡೆಯುತ್ತದೆ. ಒಂದು ಇಕುಬ್‌ನಲ್ಲಿ ಒಬ್ಬ ನಿಮ್ಮ ಮನೆ ಕೊಂಡು ಖುಷಿಯಾಗಿದ್ದರೆ, ಉಳಿದವರ ಹತ್ತಿರ ನೀವು ಹೋಗಬೇಕಾಗಿಲ್ಲ. ಅವನಿಗೆ ಮೋಸವಾದರೆ ಹೋಗಿಯೂ ಪ್ರಯೋಜನವಿಲ್ಲ.

ಕರಪತ್ರದಲ್ಲಿ ಬಾವುಟ ಹಾಕಬೇಡಿ. ಹಸಿರು, ಹಳದಿ, ಕೆಂಪಿನ ಮಧ್ಯೆ ನಕ್ಷತ್ರ ಇದ್ದರೆ ಒಂದು ರಾಜಕೀಯ, ಇಲ್ಲದಿದ್ದರೆ ಇನ್ನೊಂದು. ದೇಶದ ಉತ್ತರದ ಟಿಗ್ರಾಯ್ ಪ್ರಾಂತ್ಯದಲ್ಲಿ ನಡೆದ ಯುದ್ಧದ ಮೇಲೆ ಇದು ಇನ್ನೂ ಸೂಕ್ಷ್ಮವಾಗಿದೆ. ಬರೀ ಅಮ್ಹಾರಿಕ್‌ನಲ್ಲಿ ಮಾಡಿದರೆ ಒರೊಮೊ, ಟಿಗ್ರಿನ್ಯ ಮಾತಾಡುವವರು ದೂರ ಆಗ್ತಾರೆ. ಇಂಗ್ಲಿಷಿನದೊಂದು, ಜತೆಗೆ ಒಂದೊಂದು ಭಾಷೆಗೆ ಬೇರೆ ಬೇರೆ ಕರಪತ್ರ ಮಾಡಿಸಿ. ಖರ್ಚು ಅಂಥದ್ದೇನಲ್ಲ. ಎರಿಟ್ರಿಯಾ ಈಗ ಬೇರೆಯೇ ದೇಶ, ಅಲ್ಲಿಯವರನ್ನಂತೂ ಇದರಲ್ಲಿ ಸೇರಿಸಲೇಬೇಡಿ.

ಬೆಲೆಯನ್ನು ಇಥಿಯೋಪಿಯಾದ ಹಣವಾದ ಬಿರ್‌ನಲ್ಲಿ ಹೇಳುವುದೋ ಡಾಲರ್‌ನಲ್ಲೋ ಅಂತ ಮೊದಲೇ ತೀರ್ಮಾನಿಸಿ, ಬರೆದು ಕೊಡಿ. 2024ರ ಜುಲೈನಲ್ಲಿ ಬಿರ್ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ, 57ರ ಆಸುಪಾಸಿನಲ್ಲಿದ್ದ ಡಾಲರ್ ಕೆಲವೇ ವಾರಗಳಲ್ಲಿ 100 ದಾಟಿತು. ಆಗ ಹಳೇ ಕರಾರು ಹಿಡಿದು ಜಗಳಾಡಿದವರನ್ನು ನಾನೇ ನೋಡಿದ್ದೇನೆ.

ಜನ ಸಿಗುವ ಜಾಗ ಅಂದರೆ ಭಾನುವಾರ ಚರ್ಚು ಬಿಟ್ಟ ಮೇಲೆ, ಇಂಜೆರಾ (ಅವರ ದೋಸೆಯಂಥ ರೊಟ್ಟಿ) ಮಾರುವ ಅಂಗಡಿ, ಟೆಲಿಗ್ರಾಂ ಗುಂಪು. ಜತೆಗೆ ಪ್ರತಿ ವರ್ಷ ಜುಲೈ 4ರ ಆಸುಪಾಸಿನಲ್ಲಿ ಒಂದೊಂದು ಊರಲ್ಲಿ ನಡೆಯುವ ಇಥಿಯೋಪಿಯನ್ನರ ಫುಟ್‌ಬಾಲ್ ಪಂದ್ಯಾವಳಿ. 1984ರಿಂದ ಇದೆ. ಆಟ ನೋಡುವುದಕ್ಕಿಂತ ಒಬ್ಬರನ್ನೊಬ್ಬರು ನೋಡಲು ಬರುವವರೇ ಜಾಸ್ತಿ. ಅಲ್ಲಿ ಸ್ಟಾಲ್ ಹಾಕಿದರೆ ಸೇಲ್ಸ್ ಹುಡುಗರನ್ನಷ್ಟೇ ಕಳಿಸಬೇಡಿ, ಸೈಟ್ ಎಂಜಿನಿಯರ್‌ನನ್ನೂ ಕಳಿಸಿ. ಕಬ್ಬಿಣ ಎಷ್ಟು ಹಾಕಿದ್ದೀರಿ ಅಂತ ಕೇಳ್ತಾರೆ.

ಇನ್ನೊಂದು ಮಾತು. ಫೋನ್ ಮಾಡುವ ಸಮಯ ಬರೆಯುವಾಗ ಯಾರ ಗಡಿಯಾರದ ಪ್ರಕಾರ ಅಂತಲೂ ಬರೆಯಿರಿ. ಇಥಿಯೋಪಿಯಾದಲ್ಲಿ ದಿನದ ಲೆಕ್ಕ ಸೂರ್ಯ ಹುಟ್ಟಿದಾಗ ಶುರು. ಅವರ ಎರಡು ಗಂಟೆ ಅಂದರೆ ನಮ್ಮ ಬೆಳಗಿನ ಎಂಟು. ಅದರ ಮೇಲೆ ವಾಷಿಂಗ್ಟನ್‌ಗೂ ಅಡಿಸ್‌ಗೂ ಏಳೋ ಎಂಟೋ ಗಂಟೆ ವ್ಯತ್ಯಾಸ. 'ಎರಡು ಗಂಟೆಗೆ ಮಾಡಿ' ಅಂತ ಸುಮ್ನೆ ಅಚ್ಚು ಹಾಕಿಸಿದ ಒಬ್ಬರಿಗೆ ಒಂದು ವಾರ ನಿದ್ದೆ ಇರಲಿಲ್ಲ.